ಚೆಟ್ಟಳ್ಳಿ ಸೀಮೆಯಲ್ಲಿ ಗೋಡೆ, ಬಣ್ಣ ಮತ್ತು ಬೂಷ್ಟು: ಒಂದು ಮಹಾಪ್ರಬಂಧದ ಸಾರಲೇಖ

1. ಅಧಿಕಾರ ನಿರೂಪಣೆ

ಯಾವ ಶಾಸ್ತ್ರಗ್ರಂಥವನ್ನು ಕೈಗೆತ್ತಿಕೊಂಡರೂ ಓದುಗನ ಮೊದಲ ಪ್ರಶ್ನೆ ಒಂದೇ: ಇದನ್ನು ಬರೆಯಲು ಇವನು ಯಾರು? ಆದ್ದರಿಂದ ಅದನ್ನು ಮೊದಲಿಗೇ ಇತ್ಯರ್ಥ ಮಾಡಿಬಿಡೋಣ. ಪ್ರಸ್ತುತ ಪ್ರಬಂಧಕಾರನು ಚೆಟ್ಟಳ್ಳಿ ಸುತ್ತಿನ ಕಾಫಿ ತೋಟವೊಂದರಲ್ಲಿ 31 ವರ್ಷ ರೈಟರ್ ಆಗಿದ್ದವನು. ಬಯಲುಸೀಮೆಯ ಓದುಗರ ಅನುಕೂಲಕ್ಕೆ ಒಂದು ಮಾತು: ಕೊಡಗಿನ ತೋಟಗಳಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ. ಬೆಳಿಗ್ಗೆ ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಹಾಕುವವನು, ಸಂಜೆ ಕುಯ್ದ ಹಣ್ಣು ಅಳೆಸಿ ಬರೆದುಕೊಳ್ಳುವವನು, ಸ್ಟೋರಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವವನು. ಆದರೂ ನಿಘಂಟು ತೆಗೆದು ನೋಡಿದರೆ ರೈಟರ್ ಎಂದರೆ ಬರೆಯುವವನೇ. 31 ವರ್ಷ ದಿನ ತಪ್ಪದೆ ಬರೆದು, ಬರೆದದ್ದನ್ನೆಲ್ಲ ಸಾಹುಕಾರರಿಂದ ಸಾಲುಸಾಲಾಗಿ ಓದಿಸಿಕೊಂಡು, ತಪ್ಪು ಕಂಡಲ್ಲಿ ಸಂಬಳದಲ್ಲಿ ಹಿಡಿಸಿಕೊಂಡ ಬೇರೊಬ್ಬ ಲೇಖಕ ಕನ್ನಡದಲ್ಲಿದ್ದರೆ ಮುಂದೆ ಬರಲಿ. ಪ್ರಬಂಧಕಾರ ಹಿಂದೆ ಸರಿಯುತ್ತಾನೆ.

ಹಿಂದಿನ ಶಾಸ್ತ್ರಕಾರರು ಗ್ರಂಥದ ಹೊಸ್ತಿಲಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡುತ್ತಿದ್ದರು. ನಾವೂ ಹೇಳುತ್ತೇವೆ. ವಿಷಯ: ಮನೆಯ ಗೋಡೆ ಸೇರಿದ ಬಣ್ಣದ ಚಿತ್ರ. ಪ್ರಯೋಜನ: ಇದುವರೆಗೆ ಕಂಡುಬಂದಿಲ್ಲ. ಸಂಬಂಧ: ಗೋಡೆಗೂ ಚಿತ್ರಕ್ಕೂ, ಮೊಳೆಯ ಮೂಲಕ. ಅಧಿಕಾರಿ: ಕೈಯಲ್ಲಿ ಮೆಣಸು ಮಾರಿದ ಹಣವೂ ಮನೆಯಲ್ಲಿ ಒಂದು ಖಾಲಿ ಗೋಡೆಯೂ ಇದ್ದು, ಎರಡಕ್ಕೂ ಬೇರೆ ಖರ್ಚು ಇನ್ನೂ ಹುಟ್ಟಿರದ ಯಾವನೇ ಗೃಹಸ್ಥ.

2. ಆಕರ ಸಂಪಾದನೆ

ಒಂದು ಜನವರಿಯ ಭಾನುವಾರ. ಹಿಂದಿನ ವರ್ಷದಿಂದ ದಾಸ್ತಾನಿಟ್ಟಿದ್ದ ಮೆಣಸನ್ನು ಮಾರಿ, ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದ ಪ್ರಬಂಧಕಾರ ದಂಪತಿ, ಊಟ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕುಮಾರಕೃಪಾ ರಸ್ತೆಗೆ ಕಾಲಿಟ್ಟರು. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಆ ರಸ್ತೆಯಲ್ಲಿ ವಾಹನ ತಡೆದು ಚಿತ್ರಸಂತೆ ನಡೆಸುತ್ತದೆ. ಹೆಸರಿಗೆ ತಕ್ಕಂತೆ ಅದು ಸಂತೆಯೇ. ಕುಶಾಲನಗರದಲ್ಲಿ ಮೆಣಸಿನಕಾಯಿ, ಸೌತೆಕಾಯಿ ಹರವಿದ ಹಾಗೆ ಇಲ್ಲಿ ಕ್ಯಾನ್ವಾಸು ಹರವಿರುತ್ತಾರೆ. ವ್ಯತ್ಯಾಸವೆಂದರೆ ಸಂಜೆಯಾದರೂ ಸರಕು ಬಾಡುವುದಿಲ್ಲ, ಬೆಲೆ ಮಾತ್ರ ಬಾಡುತ್ತದೆ.

ಅಲ್ಲೊಂದು ಚಿತ್ರ. ಅಗಲ ನಾಲ್ಕು ಅಡಿ, ಎತ್ತರ ಮೂರು ಅಡಿ. ಕೆಳಗೆಲ್ಲ ಕೆಂಪು, ನಡುವೆ ಹಳದಿಯ ಒಂದು ಉಂಡೆ, ಬಲಗಡೆ ಮೇಲಿಂದ ಕೆಳಕ್ಕೆ ಇಳಿದ ನೇರಳೆ ಪಟ್ಟೆ, ಎಡಗಡೆಯ ಮೇಲಿನ ಮೂಲೆ ಖಾಲಿ. ಪ್ರಬಂಧಕಾರನ ಪತ್ನಿ ಸಂತೆಯ ನಿಯಮದಂತೆ ಮೊದಲು ಸರಕಿನಲ್ಲಿ ಊನ ಹುಡುಕಿದರು.

“ಏನಪ್ಪಾ, ಈ ಮೂಲೆ ಖಾಲಿ ಬಿಟ್ಟಿದ್ದೀಯಲ್ಲ. ಅದಕ್ಕೂ ದುಡ್ಡು ಕೊಡಬೇಕಾ?”

“ಅದಕ್ಕೇ ಅಮ್ಮಾ ಜಾಸ್ತಿ ದುಡ್ಡು. ಅಲ್ಲಿ ಕೈ ತಡೆದುಕೊಳ್ಳೋದು ಕಷ್ಟ,” ಎಂದ ಚಿತ್ರ ಬರೆದ ಹುಡುಗ.

12,000 ಎಂದದ್ದು 9,500ಕ್ಕೆ ಇಳಿಯಿತು. ಹುಡುಗ ಚಿತ್ರದ ಬೆನ್ನಿಗೆ ತನ್ನ ಫೋನ್ ನಂಬರು ಬರೆದು, ಹಳೆಯ ಪತ್ರಿಕೆ ಸುತ್ತಿ, ದಾರ ಕಟ್ಟಿ ಕೊಟ್ಟ. ಊರಿನ ಬಸ್ಸಿನಲ್ಲಿ ಕಲಾವಿಮರ್ಶೆಯ ಮೊದಲ ಅಧಿವೇಶನ ಜರುಗಿತು.

“ಏನದು, ಗಾಜಾ?” ಎಂದರು ಕಂಡಕ್ಟರು.

“ಅಲ್ಲ, ಚಿತ್ರ.”

“ದೇವರದ್ದಾ?”

“ಅಲ್ಲ.”

“ಮತ್ತೆ ಯಾರದ್ದು?”

ಪ್ರಬಂಧಕಾರನಿಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಕಂಡಕ್ಟರು ಸ್ವಲ್ಪ ಕಾದು, ಲಗೇಜಿನ ಟಿಕೆಟು ಹರಿದು ಕೈಗಿಟ್ಟರು. ಈ ಚಿತ್ರದ ಕುರಿತು ಇದುವರೆಗೆ ಹೊರಟ ಏಕೈಕ ಅಧಿಕೃತ ದಾಖಲೆ ಅದೇ. ಪ್ರಬಂಧಕಾರನ ಬಳಿ ಸುರಕ್ಷಿತವಾಗಿದೆ.

3. ಪದಾರ್ಥ ನಿರ್ಣಯ

ಬಣ್ಣ: ಸಂಸ್ಕೃತದ ವರ್ಣ ಕನ್ನಡದ ಬಾಯಲ್ಲಿ ಸವೆದು ಬಣ್ಣವಾಯಿತು, ವರ್ಣಿಸುವುದು ಬಣ್ಣಿಸುವುದಾಯಿತು. ಆದುದರಿಂದ ಬಣ್ಣ ಕೊಂಡವನ ತಲೆಗೆ ಬಣ್ಣಿಸುವ ಹೊರೆಯೂ ಬಂದು ಕೂರುತ್ತದೆ. ಸುಣ್ಣದ ಗೋಡೆಯವನನ್ನು ಯಾರೂ ಏನೂ ಕೇಳುವುದಿಲ್ಲ. ಮೇಲಾಗಿ ಕನ್ನಡಿಗರಿಗೆ ಬಣ್ಣದ ಮೇಲೆ ಹಳೆಯ ಗುಮಾನಿಯೊಂದಿದೆ. ಬಣ್ಣದ ಮಾತು ಎಂದರೆ ನಂಬಬಾರದ ಮಾತು; ಬಣ್ಣ ಬಯಲಾಯಿತು ಎಂದರೆ ಕಳ್ಳತನ ಹೊರಬಿತ್ತು ಎಂದೇ ಅರ್ಥ. ಇಂಥ ಭಾಷೆ ಆಡುವ ಮನೆಗೆ ಚಿತ್ರವೊಂದು ಬಂದರೆ ಅದು ಆರೋಪಿಯಾಗಿಯೇ ಒಳಗೆ ಬರುತ್ತದೆ.

ಸಮಕಾಲೀನ: ಇದರ ಅರ್ಥದ ಬಗ್ಗೆ ಮೂರು ಪಂಥಗಳಿವೆ. ಕಾಲವಾದಿಗಳು ಇತ್ತೀಚೆಗೆ ಬರೆದದ್ದೆಲ್ಲ ಸಮಕಾಲೀನ ಎನ್ನುತ್ತಾರೆ. ಆದರೆ ಇತ್ತೀಚೆಗೆ ಎಂದರೆ ಎಂದಿನಿಂದ ಎಂದು ಕೇಳಿದರೆ ಗಡಿಯಾರ ನೋಡುತ್ತಾರೆ. ಅರ್ಥವಾದಿಗಳು, ಅರ್ಥವಾಗದ್ದೆಲ್ಲ ಸಮಕಾಲೀನ ಎನ್ನುತ್ತಾರೆ. ಹಾಗಾದರೆ ಆದಾಯ ತೆರಿಗೆಯ ನೋಟಿಸನ್ನೂ ಚೌಕಟ್ಟು ಹಾಕಿಸಿ ತೂಗುಹಾಕಬೇಕಾದೀತು. ಮೂರನೆಯವರು ಫೋನ್‌ವಾದಿಗಳು: ಬರೆದವನಿಗೆ ಫೋನ್ ಮಾಡಿ “ಹೀಗಾಗಿದೆಯಲ್ಲಪ್ಪ” ಎಂದು ಹೇಳಲು ಸಾಧ್ಯವಿದ್ದರೆ ಆ ಚಿತ್ರ ಸಮಕಾಲೀನ. ಪ್ರಬಂಧಕಾರ ಈ ಪಂಥದ ಸ್ಥಾಪಕ, ಮತ್ತು ಸದ್ಯಕ್ಕೆ ಏಕಮಾತ್ರ ಸದಸ್ಯ.

ಸಂಗ್ರಹ: ಹಿತ್ತಲಲ್ಲಿ ಒಂದು ಕಾಫಿ ಗಿಡ ಇದ್ದರೆ ಅದನ್ನು ತೋಟ ಎನ್ನುವುದಿಲ್ಲ. ಹಾಗಾದರೆ ಎಷ್ಟನೆಯ ಗಿಡಕ್ಕೆ ತೋಟ ಶುರುವಾಗುತ್ತದೆ? ಈ ಪ್ರಶ್ನೆ ತಾರ್ಕಿಕರಿಗೆ ಇನ್ನೂ ಬಗೆಹರಿದಿಲ್ಲ. ಚಿತ್ರದ ವಿಷಯದಲ್ಲಿ ಮಾತ್ರ ಲೆಕ್ಕ ಸ್ಪಷ್ಟ: ಒಂದು ಕೊಂಡರೆ ಖರ್ಚು, ಎರಡು ಕೊಂಡರೆ ಜಗಳ, ಮೂರಾದರೆ ಸಂಗ್ರಹ.

4. ಪೂರ್ವಸೂರಿಗಳು

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೇ ಮೀಸಲಾದ ಭಾಗವಿದೆ. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವ ತನಕ ಬೇಯಿಸಿ ವಜ್ರಲೇಪವೆಂಬ ಅಂಟು ಮಾಡಿಕೊಂಡು, ಬಿಳಿ ಮಣ್ಣಿನೊಡನೆ ಕಲಸಿ, ಗೋಡೆಗೆ ಬಳಿದು, ಒಣಗಿಸಿ, ಆಮೇಲೆ ಬರೆಯಬೇಕು. ಈ ವಿಧಾನವನ್ನು ಪ್ರಾಯೋಗಿಕವಾಗಿ ಪರೀಕ್ಷಿಸುವ ಪ್ರಬಂಧಕಾರನ ಇಚ್ಛೆಗೆ ಅಡುಗೆಮನೆಯಿಂದ ಅನುಮತಿ ದೊರೆಯಲಿಲ್ಲ.

ನಮ್ಮ ಜಿಲ್ಲೆಯಲ್ಲೇ, ಕಕ್ಕಬ್ಬೆಯ ಬಳಿ, ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ನಾಲ್ಕುನಾಡು ಅರಮನೆಯ ಗೋಡೆಗಳಲ್ಲೂ ಚಿತ್ರಗಳಿವೆ. ಸೋಮೇಶ್ವರನಿಗೂ ವೀರರಾಜನಿಗೂ ಗೋಡೆಯೇ ಚಿತ್ರ, ಚಿತ್ರವೇ ಗೋಡೆ. ಹೊಡೆಯಲು ಮೊಳೆಯಿಲ್ಲ, ಓರೆಯಾಗಲು ಚೌಕಟ್ಟಿಲ್ಲ, “ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹ್ಞಾ, ಜಾಸ್ತಿಯಾಯ್ತು” ಎನ್ನುವ ದಾಂಪತ್ಯದ ಪ್ರಸಂಗವೇ ಇಲ್ಲ. ಇದರಿಂದ ಸಿದ್ಧವಾಗುವುದೇನೆಂದರೆ, ಚಿತ್ರವನ್ನು ತೂಗುಹಾಕುವುದು ಪ್ರಜಾಪ್ರಭುತ್ವದ ಕಾಲದ ಕಷ್ಟ.

ಆಧುನಿಕರಲ್ಲಿ ಕೆ. ವೆಂಕಟಪ್ಪ (1886–1965) ಪ್ರಾತಃಸ್ಮರಣೀಯರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ಮುಂದೆ ಊಟಿ, ಕೊಡೈಕನಾಲ್‌ಗಳ ಬೆಟ್ಟದ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ಬೆಂಗಳೂರಿನ ಕಸ್ತೂರ ಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಮಂಜು ನೋಡುವುದಕ್ಕೆ ಕೊಡಗಿನಿಂದ ಬಸ್ ಚಾರ್ಜು ಕೊಟ್ಟು ಬೆಂಗಳೂರಿಗೆ ಹೋದ ಮೊದಲ ಮನುಷ್ಯ ತಾನೇ ಇರಬೇಕೆಂದು ಪ್ರಬಂಧಕಾರ ಅಲ್ಲಿ ಟಿಪ್ಪಣಿ ಮಾಡಿಕೊಂಡಿದ್ದಾನೆ.

ಇನ್ನು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಸಗಣಿ, ಕುಂಕುಮ, ದಾರ, ಸೂಜಿಗಳಿಂದ ಕಲಾಕೃತಿ ಮಾಡಿ ಲೋಕದ ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ಇಟ್ಟವರು. ಇದನ್ನು ಪ್ರಬಂಧಕಾರನ ತಾಯಿಗೆ ಓದಿ ಹೇಳಲಾಗಿ, “ಸಗಣಿ ಬಳಿದರೆ ಹೆಸರು ಬರ್ತದಾ? ಹಾಗಾದ್ರೆ ನಾನು ಎಪ್ಪತ್ತು ವರ್ಷ ಅಂಗಳ ಸಾರಿಸಿದ್ದು ಏನು?” ಎಂದರು. ಈ ಪ್ರಶ್ನೆಯೇ ಆ ಕಲೆಯ ತಿರುಳು, ಹೆಂಗಸರ ಕೈಕೆಲಸವನ್ನು ಲೋಕ ಎಣಿಸದೆ ಬಿಟ್ಟದ್ದೇ ಅದರ ವಸ್ತು ಎಂದು ವಿವರಿಸಿ ತಲೆಯೆತ್ತುವಷ್ಟರಲ್ಲಿ ಅಮ್ಮ ಎದ್ದು ಕೋಳಿ ಗೂಡಿನ ಕಡೆಗೆ ಹೋಗಿದ್ದರು.

5. ಪೂರ್ವಪಕ್ಷ: ಹೊರಗೆ ಇಷ್ಟು ಬಣ್ಣವಿರುವಾಗ ಒಳಗೇಕೆ?

ಇದು ಪ್ರಬಲವಾದ ಆಕ್ಷೇಪ. ನ್ಯಾಯವಾಗಿ ಪರಿಶೀಲಿಸೋಣ.

ನೀಲಿ: ಫ್ರಾನ್ಸಿನ ಈವ್ ಕ್ಲೈನ್ ಎಂಬ ಕಲಾವಿದ 1960ರಲ್ಲಿ ತನ್ನದೇ ಒಂದು ನೀಲಿಯ ಪಾಕವನ್ನು ಪ್ಯಾರಿಸಿನಲ್ಲಿ ಅಧಿಕೃತವಾಗಿ ದಾಖಲು ಮಾಡಿಸಿ, ಬರೀ ಅದೊಂದೇ ಬಣ್ಣ ತುಂಬಿದ ಚಿತ್ರಗಳಿಂದ ಪ್ರಸಿದ್ಧನಾದ. ಅದೇ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಅದಕ್ಕೂ ಮೊದಲೇ ಇನ್ನೊಂದು ನೀಲಿ ಹುಟ್ಟಿತ್ತು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ಬೇಲಿಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು; ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಮಿಲಾರ್ಡೆ ಎಂಬ ವಿದ್ವಾಂಸ ಗಮನಿಸಿ 1885ರಲ್ಲಿ ಪ್ರಕಟಿಸಿದ. ನೋಡುವವನನ್ನು ಹೆದರಿಸಿ ಓಡಿಸುವುದಕ್ಕೆಂದೇ ಬಳಿದ ಬಣ್ಣ ಅದು. ಸಮಕಾಲೀನ ಕಲೆಯ ನಿಜವಾದ ಮೂಲಪುರುಷರು ಆ ರೈತರೇ ಎಂಬುದು ಪ್ರಬಂಧಕಾರನ ವಾದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇಕಡಾ ಒಂದರ ಬೋರ್ಡೋ ದ್ರಾವಣ. ಪಾಕ ಸರಿಯಾಗಿದೆಯೇ ಎಂದು ತಿಳಿಯಲು ಕತ್ತಿಯ ಅಲಗು ಅದ್ದಿ ತೆಗೆಯಬೇಕು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಮಳೆ ಹಿಡಿಯುವ ಮುಂಚೆ ಚೆಟ್ಟಳ್ಳಿಯಲ್ಲಿ ಮೆಣಸಿನ ಬಳ್ಳಿ, ಮರದ ಬುಡ, ಡ್ರಮ್ಮು, ಆಳುಗಳ ಅಂಗಿ, ಒಮ್ಮೊಮ್ಮೆ ರೈಟರ ಚಪ್ಪಲಿಯೂ ಈ ನೀಲಿಗೆ ತಿರುಗುತ್ತವೆ. ಕ್ಲೈನನ ನೀಲಿಗೆ ಕತ್ತಿ ಅದ್ದಿ ನೋಡಿದವರು ಯಾರೂ ಇಲ್ಲ.

ಬಿಳಿ: ಕಾಂಡಕೊರಕ ತಡೆಯಲು ಅರೇಬಿಕಾ ಗಿಡದ ಕಾಂಡಕ್ಕೆ ಬಳಿಯುವ ಸುಣ್ಣ, ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವಿಡೀ ಅರಳುವ ಕಾಫಿ ಹೂ. ಕೆಂಪು: ನವೆಂಬರಿನಿಂದ ಮುಂದಕ್ಕೆ ಹಣ್ಣು, ಮದುವೆಯ ಕೊಡವರ ಸೊಂಟದ ಚೇಲೆ. ಹಳದಿ ಬೇಕೆಂದರೆ ನಮ್ಮೂರಿನ ತೋಟಗಾರಿಕಾ ಪ್ರಯೋಗ ಕೇಂದ್ರವೇ ಸಾಕು: ಅಲ್ಲಿನ ವಿಜ್ಞಾನಿಗಳು ರಾಂಬುಟಾನಿನಲ್ಲಿ ಕೆಂಪಿಗೆ ಅರ್ಕಾ ಕೂರ್ಗ್ ಅರುಣ್, ಹಳದಿಗೆ ಅರ್ಕಾ ಕೂರ್ಗ್ ಪೀತಾಭ್ ಎಂದು ಎರಡು ತಳಿ ಬಿಡುಗಡೆ ಮಾಡಿದ್ದಾರೆ. ನೇರಳೆಯಂತೂ ಕೇಳಬೇಡಿ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪು ಬೇಯಿಸಿದ ನೀರಿನಲ್ಲಿ ಮಾಡುವ ಪಾಯಸಕ್ಕೆ ಬರುವ ಬಣ್ಣ ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ಆ ಕಲಾಕೃತಿ ತಿಂದವನ ಒಳಗಿಳಿದು, ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ತನ್ನ ಇರವನ್ನು ಕೆಂಪಗೆ ಸಾರುತ್ತದೆ. ನೋಡುಗನ ಮೇಲೆ ಇಷ್ಟು ಖಚಿತ ಪರಿಣಾಮ ಬೀರಿದ ಚಿತ್ರ ಇನ್ನೊಂದಿಲ್ಲ.

ಸಿದ್ಧಾಂತ: ಇಷ್ಟೆಲ್ಲ ಸರಿ, ಆದರೆ ಯಾವಾಗ? ಹೂ ಉಳಿಯುವುದು ಎರಡು ಮೂರು ದಿನ, ಪಾಯಸ ಒಂದು ದಿನ. ಜೂನ್ ಬಂತೆಂದರೆ ಚೆಟ್ಟಳ್ಳಿಗೆ ಎರಡೇ ಬಣ್ಣ: ತೋಟದ ಹಸಿರು, ಆಕಾಶದ ಬೂದಿ. ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುವವರು. ನೂರು ಸೆಂಟಿಗೆ ಒಂದು ಇಂಚು. ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲೇ “ಎಷ್ಟಾಯ್ತು?” ಎನ್ನುತ್ತೇವೆ, “ಎರಡು ಇಂಚು ನಲವತ್ತು ಸೆಂಟು” ಎಂಬುದೇ ಕುಶಲೋಪರಿ. ಬಟ್ಟೆ ಒಲೆಯ ಮೇಲೆ ಒಣಗುತ್ತದೆ, ಕರೆಂಟು ಹೋಗಿ ಮೂರು ದಿನವಾಗಿರುತ್ತದೆ, ಮಧ್ಯಾಹ್ನ ಮೂರಕ್ಕೇ ಕತ್ತಲು. ಬರಗಾಲವೆಂದರೆ ನೀರಿಗೆ ಮಾತ್ರವಲ್ಲ. ಆ ನಾಲ್ಕು ತಿಂಗಳು ನಮ್ಮದು ಬಣ್ಣದ ಬರ. ಒಳಗಿನ ಗೋಡೆಯ ಕೆಂಪಿಗೆ ಇದೊಂದೇ ಸಮರ್ಥನೆ, ಮತ್ತು ಇದು ಸಾಕು.

6. ಅರ್ಥಕಾಂಡ

“ನಾಳೆ ಇದಕ್ಕೆ ಬೆಲೆ ಬರ್ತದಾ?” ಎಂಬ ಪ್ರಶ್ನೆಯನ್ನು ಶಾಸ್ತ್ರ ತಪ್ಪಿಸಿಕೊಳ್ಳಬಾರದು. ಅಮೃತಾ ಶೇರ್‌ಗಿಲ್ ಅವರ ‘ಕಥೆ ಹೇಳುವವ’ ಎಂಬರ್ಥದ ಚಿತ್ರ 2023ರ ಸೆಪ್ಟೆಂಬರಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ಇದನ್ನು ಚೆಟ್ಟಳ್ಳಿಯ ನಾಣ್ಯಕ್ಕೆ ಪರಿವರ್ತಿಸೋಣ. ಮೆಣಸು ಕಿಲೋಗೆ 600 ಎಂದು ಹಿಡಿದರೆ 10,30,000 ಕಿಲೋ. ಹತ್ತು ಟನ್ನಿನ ಲಾರಿಗೆ 103 ಲೋಡು. ಪ್ರಬಂಧಕಾರನ ಮೂರು ಎಕರೆಯ ಫಸಲು ವರ್ಷಕ್ಕೆ ಆರು ಚೀಲ, 300 ಕಿಲೋ. ಅಂದರೆ 3,433 ವರ್ಷದ ಬೆಳೆ. ಆ ಹರಾಜಿಗೆ ಹೋಗಬೇಕಿದ್ದರೆ ಕ್ರಿ.ಪೂ. 1400ರ ಆಸುಪಾಸಿನಲ್ಲೇ ಉಳಿತಾಯ ಶುರುಮಾಡಬೇಕಿತ್ತು, ಮತ್ತು ಆ ನಡುವೆ ಒಂದು ವರ್ಷವೂ ಸೊರಗುರೋಗ ಬರಬಾರದಿತ್ತು.

ಇಟಲಿಯ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪು ಹಚ್ಚಿ ಗೋಡೆಗೆ ಅಂಟಿಸಿದ. ಬೆಲೆ 1,20,000 ಡಾಲರ್. ಅದರದೇ ಒಂದು ಪ್ರತಿ 2024ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಹಣ್ಣನ್ನು ತಿಂದುಬಿಟ್ಟರು. ತಿಂದರೂ ನಷ್ಟವಿಲ್ಲ, ಮಾರಾಟವಾಗುವುದು ಪ್ರಮಾಣಪತ್ರ, ಹಣ್ಣು ಬದಲಾಯಿಸುತ್ತಿರಬಹುದು. ಈ ಸಂಗತಿಯನ್ನು ಓದಿ ಸ್ಫೂರ್ತಿಗೊಂಡ ಪ್ರಬಂಧಕಾರ ಜಗಲಿಯಲ್ಲಿ ಇಡೀ ಗೊನೆಯನ್ನೇ ಹಗ್ಗದಲ್ಲಿ ತೂಗುಹಾಕಿದ. ಮೊದಲ ಪ್ರೇಕ್ಷಕ ಒಂದು ಮಂಗ. ಎರಡನೆಯ ರಾತ್ರಿ, ಊರಿನ ತೋಟಗಳಲ್ಲಿ ಮುಕ್ತವಾಗಿ ಓಡಾಡುವ ಇನ್ನೊಬ್ಬ ಘನ ವಿಮರ್ಶಕರು ಬಂದು ಬಾಳೆಯ ಹಿಂಡನ್ನೂ ಬೇಲಿಯ ಎರಡು ಕಂಬವನ್ನೂ ಅವಲೋಕಿಸಿ ಹೋದರು. ಪ್ರಮಾಣಪತ್ರವಾಗಿ ಲದ್ದಿ ಉಳಿಯಿತು.

ಅರ್ಥಕಾಂಡದಲ್ಲಿ ಗಂಭೀರವಾಗಿ ಗಮನಿಸಬೇಕಾದ್ದು ಬೇರೆಯೇ ಒಂದು ಕಥೆ. ಚಿತ್ರಕಾರ ಎಂ. ಎಫ್. ಹುಸೇನರು 1954ರಲ್ಲಿ ಬರೆದ ‘ಗ್ರಾಮಯಾತ್ರಾ’ ಸುಮಾರು 14 ಅಡಿ ಉದ್ದದ್ದು. ದೆಹಲಿಗೆ ಕೆಲಸದ ಮೇಲೆ ಬಂದಿದ್ದ ವೈದ್ಯರೊಬ್ಬರು ಕೊಂಡರು. ಅವರಿಂದ ನಾರ್ವೆಯ ಓಸ್ಲೋದ ಆಸ್ಪತ್ರೆಗೆ ಸೇರಿ ದಶಕಗಳ ಕಾಲ ಅಲ್ಲೇ ಇತ್ತು. 2025ರ ಮಾರ್ಚಿನಲ್ಲಿ ಅದು ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು. 118 ಕೋಟಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಪ್ರಬಂಧಕಾರನಿಗೆ ಬೇಕಾದ ಲೆಕ್ಕ ಮಾತ್ರ ಯಾರೂ ಬರೆಯಲಿಲ್ಲ: ಹಿಮ ಬೀಳುವ ಆ ಊರಿನಲ್ಲಿ ನಮ್ಮ ಹಳ್ಳಿಯ ಎತ್ತಿನಗಾಡಿ, ಬೀಸುವ ಕಲ್ಲುಗಳ ಮುಂದೆ ಹಾದುಹೋದ ಎಷ್ಟು ಮಂದಿ ಒಂದು ಗಳಿಗೆ ನಿಂತರು?

7. ಪ್ರೇಕ್ಷಕ ವರ್ಗೀಕರಣ

ಚಿತ್ರ ಗೋಡೆಗೆ ಏರಿದ ಮೇಲೆ ಐದು ತಿಂಗಳು ಬಂದುಹೋದವರನ್ನೆಲ್ಲ ಹಳೆಯ ಚೆಕ್‌ರೋಲ್ ಪುಸ್ತಕದಲ್ಲಿ ನಮೂದಿಸಲಾಯಿತು. ಫಲಿತವಾದ ವರ್ಗಗಳು ಇವು.

‘ಎಷ್ಟಾಯ್ತು’ ವರ್ಗ: ಅತಿ ದೊಡ್ಡದು. ಇಲ್ಲೊಂದು ಪಾರಿಭಾಷಿಕ ತೊಡಕಿದೆ. ಪಕ್ಕದ ತೋಟದ ಸಾಹುಕಾರರು ಚಿತ್ರದ ಮುಂದೆ ನಿಂತು “ಎಷ್ಟಾಯ್ತು ರೈಟ್ರೇ?” ಎಂದಾಗ ಪ್ರಬಂಧಕಾರ ಹಿಂದಿನ ದಿನದ ಹದಮಳೆಯನ್ನು ನೆನೆದು “ಒಂದು ಹತ್ತು” ಎಂದ. ಒಂದು ಇಂಚು ಹತ್ತು ಸೆಂಟು ಎಂಬರ್ಥದಲ್ಲಿ. ಅವರು ಒಂದು ಲಕ್ಷದ ಹತ್ತು ಸಾವಿರ ಎಂದು ತಿಳಿದು, ಅಂದಿನಿಂದ ಪ್ರಬಂಧಕಾರನಿಗೆ ಕುರ್ಚಿ ಕೊಡುತ್ತಿದ್ದಾರೆ. ತಿದ್ದುವ ಸಂದರ್ಭ ಒದಗಿಬಂದಿಲ್ಲ.

‘ನಮ್ಮ ಮೊಮ್ಮಗನೂ ಬಿಡಿಸ್ತಾನೆ’ ವರ್ಗ: ಇವರ ಮೊಮ್ಮಗನಿಗೆ ಕಾಗದ, ಬಣ್ಣ ಕೊಟ್ಟು ಪರೀಕ್ಷಿಸಲಾಯಿತು. ಹುಡುಗ ಮನೆ, ಸೂರ್ಯ, ತೆಂಗಿನಮರ, ಒಂದು ಜೀಪು ಬಿಡಿಸಿದ. ಖಾಲಿ ಮೂಲೆ ಉಳಿಯಲೇ ಇಲ್ಲ.

‘ಇದು ಅದೇ’ ವರ್ಗ: ಇವರಿಗೆ ಯಾವ ಸಂಶಯವೂ ಇಲ್ಲ. ಕೆಂಪು ಬಣ್ಣ ಕಣದಲ್ಲಿ ಹರವಿದ ಹಣ್ಣು ಎಂದರು ಅಮ್ಮ. ಆನೆ ಓಡಿಸುವಾಗ ಹಚ್ಚಿದ ಬೆಂಕಿ ಎಂದಳು ಕೆಲಸಕ್ಕೆ ಬರುವವಳು. ಅಸ್ಸಾಮಿನಿಂದ ಕುಯ್ಲಿಗೆ ಬಂದಿದ್ದ ಹುಡುಗನೊಬ್ಬ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿ, ಬಿಹು ಹಬ್ಬಕ್ಕೆ ಅಕ್ಕ ಉಡುವ ಬಟ್ಟೆಯ ಅಂಚು ಎಂದ. ವಿದ್ವತ್ತಿನ ದೃಷ್ಟಿಯಿಂದ ಮೂವರೂ ತಪ್ಪು. ಆದರೆ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತವರೂ ಇವರೇ.

‘ಪ್ರತಿಸ್ಪರ್ಧಿ’ ವರ್ಗ: ಇವರು ಮನುಷ್ಯರಲ್ಲ, ಗೋಡೆಯ ಹಳೆಯ ಒಕ್ಕಲುಗಳು. ಕಾವೇರಿ ಅಮ್ಮನ ಪಟ, ತೀರಿಹೋದ ಅಪ್ಪ, ಬ್ಯಾಂಕಿನ ಕ್ಯಾಲೆಂಡರು, ಮದುವೆಯ ಫೋಟೋ. ಸಾಹುಕಾರರ ಮನೆಯಲ್ಲಿ ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ, ಕೋವಿ, ಹಾಕಿ ತಂಡದ ಗುಂಪು ಫೋಟೋ. ಇವರಲ್ಲಿ ಯಾರನ್ನು ಕದಲಿಸಿದರೂ ಮನೆಯಲ್ಲಿ ಭೂಕಂಪ. ಹೊಸ ಚಿತ್ರಕ್ಕೆ ಸಿಕ್ಕಿದ್ದು ಮಳೆ ಬಡಿಯುವ ಪಡುವಣ ಗೋಡೆ. ಅದನ್ನು ಯಾರೂ ಕೇಳಿರಲಿಲ್ಲ, ಏಕೆಂದು ಪ್ರಬಂಧಕಾರನೂ ಕೇಳಲಿಲ್ಲ.

8. ಬೂಷ್ಟುಕಾಂಡ

ಜುಲೈ ಮೂರನೆಯ ವಾರ, ಕರೆಂಟು ಬಂದ ಒಂದು ಸಂಜೆ, ನೇರಳೆ ಪಟ್ಟೆಯಲ್ಲಿ ನಕ್ಷತ್ರಗಳು ಕಂಡವು. ಚಿಕ್ಕ, ಬೂದುಬಿಳಿ, ರೋಮಯುಕ್ತ ನಕ್ಷತ್ರಗಳು. ಪ್ರಬಂಧಕಾರನ ಪ್ರಥಮ ಪ್ರತಿಕ್ರಿಯೆ ಸೈದ್ಧಾಂತಿಕವಾಗಿತ್ತು. ಇದು ಹಾಳಾಗುವಿಕೆಯೋ, ಸಹಸೃಷ್ಟಿಯೋ? ಖಾಲಿ ಬಿಟ್ಟ ಮೂಲೆಯನ್ನು ಪ್ರಕೃತಿ ಪೂರ್ತಿ ಮಾಡುತ್ತಿದೆಯೋ? ‘ಕರ್ತೃತ್ವದ ಪ್ರಶ್ನೆ ಮತ್ತು ಶಿಲೀಂಧ್ರ’ ಎಂಬ ಶೀರ್ಷಿಕೆಯಲ್ಲಿ 40 ಪುಟ ಬರೆದಾಯಿತು. ಅಷ್ಟರಲ್ಲಿ ನಕ್ಷತ್ರಗಳು ಹಳದಿ ಉಂಡೆಯನ್ನು ತಲುಪಿದ್ದವು.

ವಿಜ್ಞಾನ ಸರಳವಾಗಿದೆ. ಗಾಳಿಯ ತೇವ ಶೇಕಡಾ 65–70 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕ್ಯಾನ್ವಾಸು ಹತ್ತಿಯ ಬಟ್ಟೆ. ಅದಕ್ಕೆ ಹಾಕುವ ಗಂಜಿ, ಅಂಟು ಬೂಷ್ಟಿಗೆ ಹಬ್ಬದೂಟ. ಹೊರಗೋಡೆ ತಂಪು; ಅದಕ್ಕೆ ಒತ್ತಿಕೊಂಡ ಚಿತ್ರದ ಬೆನ್ನಲ್ಲಿ ಗಾಳಿ ಆಡುವುದಿಲ್ಲ; ಬೂಷ್ಟು ಹಿಂದೆ ಹುಟ್ಟಿ ಮುಂದಕ್ಕೆ ಬರುತ್ತದೆ. ನಮ್ಮೂರಿನಲ್ಲಿ ಕಾಫಿಗೊಂದು ಸಂಶೋಧನಾ ಉಪಕೇಂದ್ರ, ಹಣ್ಣು ಹಂಪಲಿಗೊಂದು ಪ್ರಯೋಗ ಕೇಂದ್ರ ಇವೆ. ಎಲೆ ತುಕ್ಕಿಗೆ ಮದ್ದಿದೆ, ಕೊಳೆರೋಗಕ್ಕೆ ಮದ್ದಿದೆ. ಚಿತ್ರರೋಗಕ್ಕೆ ಇಲ್ಲ. ಸಿಂಪಡಿಸುವ ಆಳು ಬಂದು ನೋಡಿ, “ಅರ್ಧ ಪರ್ಸೆಂಟ್ ಬೋರ್ಡೋ ಹೊಡೀಲಾ ರೈಟ್ರೇ?” ಎಂದ. ಐದನೆಯ ಅಧ್ಯಾಯದ ವಾದವನ್ನು ಇಷ್ಟು ಬೇಗ ಕಾರ್ಯರೂಪಕ್ಕೆ ತರಲು ಪ್ರಬಂಧಕಾರ ಸಿದ್ಧನಿರಲಿಲ್ಲ.

ಫೋನ್‌ವಾದವೇ ಕೊನೆಗೆ ಕೈಹಿಡಿಯಿತು. ಚಿತ್ರದ ಬೆನ್ನಿನ ನಂಬರಿಗೆ ಫೋನ್ ಹೋಯಿತು. ಹುಡುಗ ಗಾಬರಿಯಾಗಲಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಚಿತ್ರವನ್ನು ಹೊರಗೆ ಒಯ್ದು, ಒಣ ಮೆತ್ತನೆ ಬ್ರಷ್ಷಿನಿಂದ ಮೊದಲು ಬೆನ್ನು, ಆಮೇಲೆ ಮುಖ ಸವರಬೇಕು. ನೀರು ಬೇಡ, ಬಿಸಿಲು ಬಂದರೂ ನೇರ ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ ಎಂದ. ಎಲ್ಲ ಬರೆದುಕೊಂಡದ್ದಾಯಿತು. ಫೋನ್ ಇಡುವ ಮೊದಲು ಹುಡುಗ ಕೇಳಿದ:

“ಸಾರ್, ಮನೇಲಿ ಯಾರಾದ್ರೂ ಅದನ್ನ ನೋಡ್ತಾರಾ?”

ಪ್ರಬಂಧಕಾರನ ಬಳಿ ಆ ಹೊತ್ತಿಗೆ 212 ಪುಟದ ಟಿಪ್ಪಣಿಯಿತ್ತು. ಆಕರ, ಪದಾರ್ಥ, ಪೂರ್ವಪಕ್ಷ, ಸಿದ್ಧಾಂತ ಎಲ್ಲವೂ ಇತ್ತು. ನೋಡಿದ್ದು ಯಾವಾಗ ಎಂದು ಹುಡುಕಿದರೆ, ಸಂತೆಯ ದಿನದ ಪುಟದಲ್ಲಿ ಒಂದು ಸಾಲು ಸಿಕ್ಕಿತು: “ಕೆಂಪು ಚೆನ್ನಾಗಿದೆ.” ಅದು ಕೂಡ ಹೆಂಡತಿಯ ಮಾತು.

ಚಿತ್ರ ಕೆಳಗಿಳಿದು ಒಲೆಯಿಂದ ದೂರದ ಒಣ ಕೋಣೆ ಸೇರಿತು. ಪಡುವಣ ಗೋಡೆಯಲ್ಲಿ ನಾಲ್ಕು ಅಡಿಗೆ ಮೂರು ಅಡಿಯ ಬೂದು ಕಲೆ ಉಳಿಯಿತು. ಮೂರನೆಯ ದಿನ ಅಮ್ಮ ಊಟಕ್ಕೆ ಕೂತವರು ತಟ್ಟೆ ಬಿಟ್ಟು ಗೋಡೆ ನೋಡಿ, “ಕಣ ಖಾಲಿಯಾಯ್ತಲ್ಲ,” ಎಂದರು. ಬೇರೇನೂ ಹೇಳಲಿಲ್ಲ. ಆ ಸಂಜೆ ಐದೂವರೆ ಇಂಚು ಮಳೆಯಾಯಿತು.

9. ಫಲಶ್ರುತಿ

ಚಿತ್ರವನ್ನು ಮತ್ತೆ ಎಲ್ಲಿ, ಹೇಗೆ ಹಾಕಬೇಕೆಂಬ ವಿಚಾರದಲ್ಲಿ ಪ್ರಬಂಧಕಾರ ವಾಸ್ತುವಿನಿಂದ ಹಿಡಿದು ‘ಮಾನಸೋಲ್ಲಾಸ’ದವರೆಗೆ ತಿರುವಿಹಾಕುತ್ತಿದ್ದಾಗ, ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ ಪತ್ನಿ ಬಾಣಲೆಯಿಂದ ತಲೆಯೆತ್ತದೆ ಕೇಳಿದರು:

“ಅಲ್ಲಾರೀ, ಮೂವತ್ತೊಂದು ವರ್ಷ ಸ್ಟೋರು ನೋಡಿಕೊಂಡವರು ನೀವು. ಕಾಫಿ ಚೀಲವನ್ನ ಯಾವತ್ತಾದ್ರೂ ಗೋಡೆಗೆ ತಾಗಿಸಿ ಇಟ್ಟಿದ್ರಾ?”

ಇಟ್ಟಿರಲಿಲ್ಲ. ಯಾವ ರೈಟರೂ ಇಡುವುದಿಲ್ಲ. ಕೆಳಗೆ ಮರದ ಹಲಗೆ, ಗೋಡೆಯಿಂದ ಆಚೆಗೆ ಜಾಗ, ಚೀಲದ ಸುತ್ತ ಗಾಳಿ. ಇಲ್ಲದಿದ್ದರೆ ಕಾಫಿ ತೇವ ಎಳೆದುಕೊಂಡು ಬಣ್ಣಗೆಡುತ್ತದೆ, ವಾಸನೆ ಹಿಡಿಯುತ್ತದೆ, ಸಾಹುಕಾರರು ಸಂಬಳದಲ್ಲಿ ಹಿಡಿಯುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಪ್ರಬಂಧಕಾರ ಕಲಿತದ್ದು ಇದು.

ಪತ್ನಿ ಮನೆಯಲ್ಲೇ ಮಾಡಿದ ವೈನಿನ ಖಾಲಿ ಶೀಶೆಗಳಿಂದ ನಾಲ್ಕು ಬಿರಡೆ ತೆಗೆದು, ಚಾಕುವಿನಿಂದ ಸಮವಾಗಿ ಕೊಯ್ದು, ಚೌಕಟ್ಟಿನ ಬೆನ್ನಿನ ನಾಲ್ಕು ಮೂಲೆಗೆ ಅಂಟಿಸಿದರು. ಚಿತ್ರ ಈಗ ಮೂಡಣದ ಒಳಗೋಡೆಯಲ್ಲಿ, ಊಟದ ಮೇಜಿನ ಎದುರಿಗಿದೆ. ಬ್ಯಾಂಕಿನ ಕ್ಯಾಲೆಂಡರು ಅಡುಗೆಮನೆಗೆ ವರ್ಗವಾಯಿತು, ಭೂಕಂಪವೇನೂ ಆಗಲಿಲ್ಲ. ಮರುವರ್ಷ ಎರಡನೆಯ ಚಿತ್ರವೂ ಬಂತು: ಒಂದು ಅಡಿ ಚೌಕ, ಬರೀ ಕಿತ್ತಳೆ. ಅದನ್ನು ಆರಿಸಿದ್ದು ಅಮ್ಮ. ಮೂರನೆಯ ಅಧ್ಯಾಯದ ಪ್ರಕಾರ ಮನೆಯಲ್ಲಿ ಸದ್ಯ ಜಗಳದ ಹಂತ ನಡೆಯುತ್ತಿದೆ.

ಹೀಗೆ ಒಂಬತ್ತು ಅಧ್ಯಾಯಗಳ ಸಂಶೋಧನೆಯಿಂದ ಹೊರಬಂದ, ಓದುಗರು ಮನೆಯಲ್ಲಿ ಬಳಸಬಹುದಾದ ನಿರ್ಣಯ ಒಂದೇ. ಚಿತ್ರ ಕೊಳ್ಳಿ, ಬರೆದವರ ಫೋನ್ ನಂಬರು ಇಸಿದುಕೊಳ್ಳಿ, ಒಳಗೋಡೆಗೆ ಹಾಕಿ. ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ ಇಂಚು, ನಮ್ಮ ಲೆಕ್ಕದಲ್ಲಿ 50 ಸೆಂಟು, ಗಾಳಿ ಬಿಡಿ. ಜೂನ್ ಒಂದರೊಳಗೆ ಮುಗಿಸಿ.